ಬೀಡಿ ಮುಟ್ಟದ ಅತ್ತೆಗೆ ದಮ್ಮು: ಮನೆಯಲ್ಲಿ ನೋಡಿಕೊಳ್ಳುವ ಬಗೆ

ನಮ್ಮತ್ತೆ ಎರಡು ತಿಂಗಳು ದಮ್ಮಿನ ಕ್ಯಾಪ್ಸೂಲನ್ನು ನೀರು ಕುಡಿದು ನುಂಗಿದರು. ಅದು ನುಂಗುವಂಥದ್ದಲ್ಲ. ಕೈಯಗಲದ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿ, ತಿರುಗಿಸಿ ಒಡೆದು, ಒಳಗಿನ ಪುಡಿಯನ್ನು ಬಾಯಿಂದ ಎದೆಗೆ ಎಳೆದುಕೊಳ್ಳಬೇಕು. ಅಂಗಡಿಯವರು ಕವರಿಗೆ ಹಾಕಿ "ಬೆಳಿಗ್ಗೆ ಒಂದು, ರಾತ್ರಿ ಒಂದು" ಅಂದರು, ನಾನೂ ತಲೆಯಾಡಿಸಿ ಬಂದೆ. ಡಬ್ಬಿ ನನ್ನ ಮಗನ ಆಟದ ಸಾಮಾನು ಸೇರಿತ್ತು. ಹಾಗಾಗಿ ಈ ಬರಹ, ನನ್ನ ಹಾಗೆ ತಲೆಯಾಡಿಸಿ ಬರುವವರಿಗೆ.

ಕಾಯಿಲೆಯ ಹೆಸರು ಸಿಒಪಿಡಿ. ನಂಜನಗೂಡು ಕಡೆಯ ನಮ್ಮೂರಲ್ಲಿ ದಮ್ಮು, ಗೂರಲು ಅಂತಲೇ ಕರೆಯುವುದು. ವರ್ಷಾನುಗಟ್ಟಲೆ ಹೊಗೆ ಕುಡಿದು ಉಸಿರಿನ ಕೊಳವೆಗಳು ಊದಿ ಕಿರಿದಾಗುತ್ತವೆ, ಶ್ವಾಸಕೋಶದ ಗಾಳಿಚೀಲಗಳು ಸಡಿಲವಾಗಿ ಹಾಳಾಗುತ್ತವೆ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಆಸ್ತಮಾದಲ್ಲಿ ಉಬ್ಬಸ ಬಂದು ಹೋಗುತ್ತದೆ. ಇದು ಬಂದದ್ದು ಪೂರಾ ಹೋಗುವುದಿಲ್ಲ, ಹಿಡಿದು ನಿಲ್ಲಿಸಬಹುದು ಅಷ್ಟೆ. ಡಾಕ್ಟರು ಮೊದಲು ಕೇಳಿದ್ದು "ಬೀಡಿ ಸೇದ್ತೀರಾ ಅಜ್ಜಿ?" ಅಂತ. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟರು. ಬೀಡಿ ಸೇದಿದ್ದು ಮಾವ. ಅತ್ತೆ ಊದಿದ್ದು ಒಲೆ.

ನಿಮ್ಮನೆಯಲ್ಲಿ ಯಾರಿಗೆ ಅಪಾಯ ಅಂತ ತಿಳಿಯಲು ಒಂದು ಲೆಕ್ಕವಿದೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕೂತಿರಿ, ಅದನ್ನು ಎಷ್ಟು ವರ್ಷ ಕೂತಿರಿ ಎಂಬುದರಿಂದ ಗುಣಿಸಿ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನವರು ಮೈಸೂರು, ನಂಜನಗೂಡು ಸುತ್ತಲ ಹಳ್ಳಿ ಹೆಂಗಸರಲ್ಲೇ ಅಧ್ಯಯನ ಮಾಡಿದಾಗ, ಈ ಸಂಖ್ಯೆ 60 ದಾಟಿದವರಲ್ಲಿ ಕಫದ ದೀರ್ಘ ಕೆಮ್ಮು ಹೆಚ್ಚಾಗಿ ಕಂಡಿತು. ಅತ್ತೆಯದು ಐದು ಗಂಟೆ, ನಲವತ್ತು ವರ್ಷ: 200. ನನ್ನದು, ಅಡುಗೆಗೆ ಗ್ಯಾಸ್ ಬರುವವರೆಗೆ, ಎರಡು ಗಂಟೆ, ಹದಿನಾಲ್ಕು ವರ್ಷ: 28. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವರ್ಷಕ್ಕೆ ಮೂರು ತಿಂಗಳು, ಸತತ ಎರಡು ವರ್ಷ ಕಫ ಕೆಮ್ಮು ಇದ್ದರೆ, ಅಥವಾ ಜೊತೆಯವರ ಸಮ ನಡೆಯಲು ಆಗದೆ ಹಿಂದೆ ಬೀಳುತ್ತಿದ್ದರೆ, "ವಯಸ್ಸಾಯ್ತು" ಅಂತ ಸುಮ್ಮನಾಗಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಟಿಬಿ ಇಲ್ಲವೆಂದು ಖಚಿತವಾಗಲಿ. ಆಮೇಲೆ ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರು ಅಳೆಯುವ ಪರೀಕ್ಷೆ ಕೇಳಿ. ಎಕ್ಸ್‌ರೇ ಒಂದರಿಂದಲೇ ಇದು ತೀರ್ಮಾನವಾಗುವುದಿಲ್ಲ. ಯಂತ್ರದ ಕೊಳವೆಯೊಳಗೆ ಜೋರಾಗಿ, ಉಸಿರು ಮುಗಿಯುವವರೆಗೂ ಊದಬೇಕು. ಔಷಧಿ ಎಳೆದು ಹದಿನೈದು ನಿಮಿಷ ಬಿಟ್ಟು ಮತ್ತೆ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಬಂದ ಗಾಳಿ ಒಟ್ಟು ಗಾಳಿಯ ನೂರಕ್ಕೆ 70ಕ್ಕಿಂತ ಕಡಿಮೆ ಆದರೆ ಉಸಿರಿನ ಕೊಳವೆ ಕಟ್ಟಿದೆ ಅಂತ ಅರ್ಥ. ಅತ್ತೆ ಮೂರು ಸಲ ಊದಿ ಸುಸ್ತಾಗಿ, "ಒಲೆನೇ ವಾಸಿ ಕಣಮ್ಮಿ, ಬೇಗ ಹತ್ಕೋತಿತ್ತು" ಅಂದರು.

ಈಗ ಔಷಧಿ ಎಳೆದುಕೊಳ್ಳುವ ಪಂಪಿನ ವಿಷಯ. ನಾವು ಕೆಟ್ಟದ್ದು ಇಲ್ಲೇ. ಪುಡಿ ಕ್ಯಾಪ್ಸೂಲಿನ ಡಬ್ಬಿಯಾದರೆ ಮೊದಲು ಹೊರಗೆ ಉಸಿರು ಬಿಡಿ, ಡಬ್ಬಿಯೊಳಗೆ ಬಿಡಬೇಡಿ, ಪುಡಿ ಒದ್ದೆಯಾಗುತ್ತದೆ. ತುಟಿ ಬಿಗಿದು ರಭಸವಾಗಿ, ಆಳವಾಗಿ ಎಳೆಯಿರಿ. ಒತ್ತುವ ಗ್ಯಾಸ್ ಪಂಪಾದರೆ ತದ್ವಿರುದ್ಧ, ನಿಧಾನ ಎಳೆಯಬೇಕು. ಚೆನ್ನಾಗಿ ಅಲುಗಾಡಿಸಿ, ಉಸಿರು ಹೊರಬಿಟ್ಟು, ಒತ್ತುತ್ತಲೇ ಮೆಲ್ಲನೆ ಎಳೆದು, ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಿ. ಇನ್ನೊಂದು ಬೇಕಾದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ. ವಯಸ್ಸಾದವರಿಗೆ ಒತ್ತುವುದೂ ಎಳೆಯುವುದೂ ಒಟ್ಟಿಗೆ ಕೂಡಿಬರುವುದಿಲ್ಲ, ಔಷಧಿಯೆಲ್ಲ ನಾಲಿಗೆ ಮೇಲೆ ಉಳಿಯುತ್ತದೆ. ಅವರಿಗೆ ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಸ್ಪೇಸರ್ ಡಬ್ಬಿ ಕೇಳಿ ತೆಗೆದುಕೊಳ್ಳಿ. ಅದನ್ನು ವಾರಕ್ಕೊಮ್ಮೆ ಸೋಪಿನ ನೀರಲ್ಲಿ ಅದ್ದಿ ಹಾಗೇ ಆರಲು ಬಿಡಿ. ಬಟ್ಟೆಯಲ್ಲಿ ಒರೆಸಿದರೆ ಔಷಧಿ ಡಬ್ಬಿಯ ಗೋಡೆಗೇ ಅಂಟುತ್ತದೆ. ಸ್ಟಿರಾಯ್ಡ್ ಇರುವ ಪಂಪಾದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಮುಕ್ಕಳಿಸದಿದ್ದರೆ ಬಾಯಲ್ಲಿ ಬಿಳಿ ಹುಣ್ಣಾಗಬಹುದು. ಎಲ್ಲಕ್ಕಿಂತ ಮುಖ್ಯ, ಪ್ರತಿ ಸಲ ಹೋದಾಗಲೂ ಡಾಕ್ಟರ ಎದುರಿಗೇ ಒಮ್ಮೆ ಎಳೆದು ತೋರಿಸಿ. ನಾಚಿಕೆ ಬೇಡ. ನಮ್ಮ ಎರಡು ತಿಂಗಳ ತಪ್ಪು ಸಿಕ್ಕಿಬಿದ್ದದ್ದು ಹೀಗೆ.

ಏದುಸಿರು ಹತ್ತಿದಾಗ ಜಗಲಿಯ ಮೇಲೆ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿ ಮೊಣಕೈ ತೊಡೆಗೆ ಊರಲಿ. ಮೂಗಿನಿಂದ ಎರಡು ಎಣಿಸಿ ಒಳಗೆ, ತುಟಿ ಚೂಪು ಮಾಡಿ ನಾಲ್ಕು ಎಣಿಸಿ ಹೊರಗೆ. ಅತ್ತೆಗೆ ಹೇಳಿಕೊಡುವುದೇ ಬೇಕಾಗಲಿಲ್ಲ: ಊದುಗೊಳವೆಗೆ ತುಟಿ ಇಟ್ಟ ಹಾಗೆ, ಆದರೆ ಕೆಂಡ ಕೆದರದಷ್ಟು ಮೆಲ್ಲಗೆ. ಮುದ್ದೆ ಒಂದೇ ಸಲ ದೊಡ್ಡದು ಬೇಡ, ಹೊಟ್ಟೆ ತುಂಬಿದರೆ ಎದೆಗೆ ಜಾಗ ಸಾಲದು. ಅರ್ಧರ್ಧ ಮಾಡಿ ಕೊಡಿ. ನಡೆಸುವುದನ್ನು ಬಿಡಬೇಡಿ. ನಾವು ಲೈಟ್ ಕಂಬದ ತನಕ ಶುರು ಮಾಡಿದೆವು, ಈಗ ಮಾರಮ್ಮನ ಗುಡಿಯವರೆಗೆ. ಫ್ಲೂ, ನ್ಯುಮೋನಿಯಾ ಲಸಿಕೆ ಕೇಳಿ ಹಾಕಿಸಿ.

ಕಫ ಹೆಚ್ಚಾಗಿ ಹಳದಿ ಹಸಿರಿಗೆ ತಿರುಗಿದರೆ ಅಂದೇ ಡಾಕ್ಟರ ಹತ್ತಿರ ಹೋಗಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಹತ್ತಿ ಏನೇನೋ ಮಾತಾಡಿದರೆ 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ಆಕ್ಸಿಜನ್ ಇಟ್ಟಿದ್ದರೆ ಡಾಕ್ಟರು ಹೇಳಿದ ಮಟ್ಟ ನೀವಾಗಿ ಏರಿಸಬೇಡಿ; ಇವರಲ್ಲಿ ಕೆಲವರಿಗೆ ಅತಿಯಾದರೂ ಕೆಡುಕು. ಅದರ ಹತ್ತಿರ ಬೀಡಿ, ಒಲೆ, ದೀಪ ಯಾವುದೂ ಬೇಡ.

ಮದುವೆಯೊಂದರಲ್ಲಿ ಅತ್ತೆಗೆ ಬೇರೆ ಲೋಟದಲ್ಲಿ ನೀರು ಕೊಟ್ಟರು, ಟಿಬಿ ಅಂದುಕೊಂಡು. ಅವರು ಆಮೇಲೆ ಒಂದು ವರ್ಷ ಯಾವ ಮನೆಗೂ ಹೋಗಲಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಲ್ಲ. ಆದರೂ ಇದು ಇಡೀ ಕೇರಿಗೆ ತಟ್ಟುತ್ತದೆ: ಕೂಲಿ ತಪ್ಪುತ್ತದೆ, ನೀರು ಹೊರುವುದಕ್ಕೆ ಶಾಲೆಗೆ ಹೋಗೋ ಮೊಮ್ಮಗಳು ನಿಲ್ಲುತ್ತಾಳೆ. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಉಳಿತಾಯದ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲೇ ಗಂಟೆ, ವರ್ಷ ಬರೆಸಿದೆ. ಮೊದಲು ನಗಾಡಿದರು. 60 ದಾಟಿದ ಮೂವರು ಆ ಸೋಮವಾರವೇ ನನ್ನ ಜೊತೆ ಬಸ್ಸು ಹತ್ತಿದರು.

ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಗ್ಯಾಸ್ ಇದೆ, ಹೊಗೆಯೂ ಇದೆ. ಕಾರಣ ಹಂಡೆ ಒಲೆ. ಸಿಲಿಂಡರ್ ಅಡುಗೆಗೆ ಸಾಲದು, ಸ್ನಾನದ ನೀರಿಗೆ ಯಾರು ಸುಡುತ್ತಾರೆ? ಬಚ್ಚಲಿಗೆ ಕಿಟಕಿಯಿಲ್ಲ, ಜಂತಿಯಲ್ಲಿ ಬೆರಳುದ್ದ ಇಲ್ಲಣ. ಹೊಗೆ ಕೊಳವೆ ಹಾಕಿಸುವುದಾದರೆ ಅದು ಸೂರು ದಾಟಿ ಮೇಲೇರಬೇಕು, ಮತ್ತೆ ಮತ್ತೆ ಮಸಿ ತೆಗೆಯಬೇಕು. ನಮ್ಮ ತವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಇತ್ತು, ಒಳ್ಳೆಯ ಒಲೆ. ಕೊಳವೆ ಕಟ್ಟಿಕೊಂಡ ಮೇಲೆ ಯಾರೂ ಕೈ ಹಾಕದೆ ಹೊಗೆ ಮತ್ತೆ ಮನೆಯೊಳಗೇ ಬಂತು. ನಾನು ಹಂಡೆಯನ್ನೇ ಕಿತ್ತು ಹಿತ್ತಲಿಗೆ, ಗಾಳಿ ಮನೆಯ ಕಡೆ ಬೀಸದ ಮೂಲೆಗೆ ಹಾಕಿಸಿದೆ. ಉರಿ ಹಾಕುವ ಸರದಿ ಈಗ ನನ್ನ ಗಂಡನದು. ಮಳೆ ಬಂದ ದಿನ ಎಲ್ಲರಿಗೂ ತಣ್ಣೀರು, ಅತ್ತೆಗೆ ಮಾತ್ರ ಗ್ಯಾಸಿನ ಮೇಲೆ ಒಂದು ಪಾತ್ರೆ. "ನಿನ್ ಮಾತ್ ಕೇಳಿ ಮನೆ ಕೆಡ್ತು" ಅಂತ ಅತ್ತೆ ಬೈಯುತ್ತಾರೆ, ಒಂದೇ ಉಸಿರಿನಲ್ಲಿ.