ಮುಳ್ಳು ಎಲ್ಲಿಂದ ಹೊರಟಿದೆ?

ಗದಗಿನಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು ಮಾಡುತ್ತೇವೆ. ಬಣ್ಣದ ಕೆಲಸ ಬಂದರೆ ನಾಲ್ಕು ಬಣ್ಣದ ಚುಕ್ಕೆಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೋ ಇಲ್ಲವೋ ನೋಡಬೇಕು. ಅದಕ್ಕೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಬೇಕು. ಅದು ಯಾವಾಗಲೂ ನನ್ನ ಅಂಗಿ ಜೇಬಿನಲ್ಲೇ ಇರುತ್ತದೆ. ಎಂಟು ವರ್ಷದ ಹಿಂದೆ ಒಂದು ಬೆಳಗ್ಗೆ ಬೆಟಗೇರಿ ಕಡೆ ವಾಕಿಂಗ್ ಹೋದಾಗ ನೆಗ್ಗಿಲು ಮುಳ್ಳು ಚಪ್ಪಲಿ ತೂರಿ ಹಿಮ್ಮಡಿಗೆ ನಾಟಿತು. ಕಿತ್ತು ಎಸೆಯುವ ಮೊದಲು ಯಾಕೋ ಲೆನ್ಸಿನ ಕೆಳಗೆ ಹಿಡಿದೆ.

ಎರಡು ಉದ್ದ ಮುಳ್ಳು, ಎರಡು ಗಿಡ್ಡ ಮುಳ್ಳು. ಹೇಗೆ ಬಿದ್ದರೂ ಒಂದಾದರೂ ಮೇಲೆ ಮುಖ ಮಾಡಿ ನಿಲ್ಲುತ್ತದೆ. ಪಕ್ಕದಲ್ಲೇ ನೆಲಕ್ಕೆ ಅಂಟಿಕೊಂಡು ಹರಡಿದ ಬಳ್ಳಿ ಇತ್ತು. ಅದರಲ್ಲಿ ಹಸಿ ಕಾಯಿ. ಇಂಥ ಐದು ತುಂಡು ಸೇರಿ ಒಂದು ಕಾಯಿ ಆಗುತ್ತದೆ ಅನ್ನುವುದು ಆಗ ಗೊತ್ತಾಯಿತು. ಇಷ್ಟು ವರ್ಷ ಮುಳ್ಳು ಅಂತ ಬೈದದ್ದು ಒಂದು ಕಾಯಿಯ ಐದನೇ ಒಂದು ಪಾಲನ್ನು! ಕಾಯಿಯ ಮುಂದಿನ ಗೆಣ್ಣಿನಲ್ಲಿ ಹಳದಿ ಹೂ ಇತ್ತು. ಐದು ಎಸಳು, ಹತ್ತು ಕೇಸರ. ಹುಟ್ಟಿದಾಗಿನಿಂದ ಈ ಗಿಡದ ನಡುವೆ ಓಡಾಡಿದ್ದೇನೆ, ಹೂವನ್ನು ನೋಡಿಯೇ ಇರಲಿಲ್ಲ. ಮಧ್ಯಾಹ್ನ ಹೆಂಡತಿಗೆ ತೋರಿಸೋಣ ಅಂತ ಮತ್ತೆ ಹೋದರೆ ಎಸಳು ಉದುರಿತ್ತು.

ಅಂದಿನಿಂದ ಒಣ ನೆಲದ ಸಣ್ಣ ಮುಳ್ಳು ಹೂಗಳ ಬೆನ್ನು ಬಿದ್ದಿದ್ದೇನೆ. ಜಾಲಿ, ಬೋರೆ ಥರದ ಮರಗಳು ನನ್ನ ಲೆಕ್ಕದಲ್ಲಿಲ್ಲ. ಮೊಣಕಾಲಿಗಿಂತ ಕೆಳಗಿನವು ಮಾತ್ರ. ನಾನು ಸಸ್ಯಶಾಸ್ತ್ರ ಓದಿದವನಲ್ಲ. ಹೀಗಾಗಿ ಹೇಗೆ ಕಲಿತೆ ಅನ್ನುವುದನ್ನು ಬರೆದರೆ ನನ್ನಂಥ ಇನ್ನೊಬ್ಬರಿಗೆ ಉಪಯೋಗ ಆಗಬಹುದು.

ಮೊದಲ ವರ್ಷ ಹೆಸರಿನ ಹಿಂದೆ ಓಡಿದೆ. ಅದು ತಪ್ಪು ದಾರಿ. ಬ್ರಹ್ಮದಂಡೆ ಅಂದರೆ ಒಬ್ಬರು ನೀಲಿ ಬಿಳಿ ಚೆಂಡಿನ ಗಿಡ ತೋರಿಸಿದರು. ಇನ್ನೊಬ್ಬರು ಹಳದಿ ಹೂವಿನ, ಮುರಿದರೆ ಹಳದಿ ಹಾಲು ಬರುವ ಗಿಡ ತೋರಿಸಿದರು. ಎರಡಕ್ಕೂ ಸಂಬಂಧವೇ ಇಲ್ಲ. ನೆಗ್ಗಿಲು, ಆನೆ ನೆಗ್ಗಿಲು ಎರಡನ್ನೂ ಅಣ್ಣ ತಮ್ಮ ಅಂದುಕೊಂಡಿದ್ದೆ. ಆನೆ ನೆಗ್ಗಿಲಿನ ಹಸಿ ಎಲೆಯನ್ನು ನೀರಿನಲ್ಲಿ ಆಡಿಸಿದರೆ ನೀರು ಲೋಳೆ ಲೋಳೆ ಆಗುತ್ತದೆ. ಸಣ್ಣ ನೆಗ್ಗಿಲಿಗೆ ಆ ಗುಣ ಇಲ್ಲ. ಆಮೇಲೆ ಗೊತ್ತಾಯಿತು, ಆನೆ ನೆಗ್ಗಿಲು ಎಳ್ಳಿನ ಕುಟುಂಬದ್ದು. ಹೆಸರು ಒಂದೇ, ಮನೆ ಬೇರೆ.

ದಾರಿ ತೋರಿಸಿದ್ದು ಒಬ್ಬ ಹುಡುಗಿ. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದವಳು, ಪ್ರಬಂಧ ಬೈಂಡಿಂಗ್ ಮಾಡಿಸಲು ನಮ್ಮ ಪ್ರೆಸ್ಸಿಗೆ ಬಂದಿದ್ದಳು. ಟೇಬಲ್ ಮೇಲಿದ್ದ ನನ್ನ ಒಣ ಗಿಡಗಳನ್ನು ನೋಡಿ, "ಕಾಕಾ, ಹೆಸರು ಆಮ್ಯಾಲೆ ನೋಡೋಣ್ರಿ. ಮುಳ್ಳು ಎಲ್ಲಿಂದ ಹೊಂಟೈತಿ, ಅದನ್ನ ಮೊದ್ಲು ನೋಡ್ರಿ" ಅಂದಳು. ನಾವು ಎಲ್ಲದಕ್ಕೂ ಮುಳ್ಳು ಅಂತ ಒಂದೇ ಮಾತು ಅಂದುಬಿಡುತ್ತೇವೆ. ಗಿಡಕ್ಕೆ ಹಾಗಲ್ಲ. ಒಂದು ಗಿಡ ರೆಂಬೆಯನ್ನೇ ಮುಳ್ಳು ಮಾಡುತ್ತದೆ, ಒಂದು ಎಲೆಯ ಭಾಗವನ್ನು, ಒಂದು ಬರೀ ಚರ್ಮವನ್ನು, ಒಂದು ಹೂವಿನ ಸುತ್ತಲ ಎಲೆಯನ್ನು, ಇನ್ನೊಂದು ಕಾಯಿಯನ್ನು.

ಆ ರಾತ್ರಿಯೇ ಒಣ ಗಿಡ ಅಂಟಿಸಿದ್ದ ಎಲ್ಲ ಹಾಳೆಗಳನ್ನು ಹೊಸದಾಗಿ ವಿಂಗಡಿಸಿದೆ. ನೆಲಗುಳ್ಳ ಸುಲಭ. ಎಲೆ, ಕಾಂಡ, ತೊಟ್ಟು ಎಲ್ಲಿ ಬೇಕಾದಲ್ಲಿ ನೆಟ್ಟಗಿನ ಹಳದಿ ಮುಳ್ಳು. ಎಲೆಯ ಎರಡೂ ಮಗ್ಗುಲಲ್ಲಿ ಇರುತ್ತವೆ. ಜಾಗ ಗೊತ್ತಿಲ್ಲದೆ ಎದ್ದ ಮುಳ್ಳು ಅಂದರೆ ಚರ್ಮದ್ದು. ಮುಳ್ಳು ಗೋರಟೆಯಲ್ಲಿ ಹಾಗಿಲ್ಲ. ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲೇ ಎರಡು, ಮೂರು, ನಾಲ್ಕು ಗುಂಪಾಗಿ ಕೂತಿರುತ್ತವೆ. ಜಾಗ ತಪ್ಪುವುದೇ ಇಲ್ಲ. ನೆಗ್ಗಿಲು ಕಾಯಿಯ ಗುಂಪಿಗೆ ಹೋಯಿತು.

ನನಗೆ ಬಹಳ ಇಷ್ಟವಾದದ್ದು ಹೂವಿನ ಸುತ್ತ ಮುಳ್ಳು ಕಟ್ಟುವ ಗುಂಪು. ಉತ್ತರಾಣಿ ಇದರಲ್ಲಿದೆ. ಋಷಿಪಂಚಮಿ ದಿನ ಹೆಂಗಸರು ಹಲ್ಲುಜ್ಜುವ ಅದೇ ಉತ್ತರಾಣಿ. ಅದರ ಕಡ್ಡಿ ಸೀರೆಗೆ, ಧೋತರಕ್ಕೆ ಅಂಟುತ್ತದೆ ಅಲ್ವಾ? ಲೆನ್ಸಿನಲ್ಲಿ ನೋಡಿ. ಪ್ರತಿ ಹೂವಿನ ಪಕ್ಕ ಎರಡು ಪುಟ್ಟ ಗಟ್ಟಿ ಎಲೆಗಳು ಸೂಜಿಯಾಗಿವೆ. ಹೂ ಮುಗಿದ ಮೇಲೆ ಕೆಳಕ್ಕೆ ಬಾಗಿ, ಹಾದುಹೋಗುವವರ ಬಟ್ಟೆಯನ್ನೋ ಕುರಿಯ ಕೂದಲನ್ನೋ ಹಿಡಿಯುತ್ತದೆ. ಚೆಂಡಿನ ಬ್ರಹ್ಮದಂಡೆಯೂ ಇದೇ ಗುಂಪು. ಅದರ ಚೆಂಡು ಒಂದು ಹೂ ಅಲ್ಲ. ಒಂದೊಂದು ಸಣ್ಣ ಹೂವಿಗೂ ಅದರದೇ ಆದ ಮುಳ್ಳಿನ ಬೇಲಿ ಇದೆ. ಅಂಥ ಎಷ್ಟೋ ಬೇಲಿಗಳು ಸೇರಿ ಒಂದು ಚೆಂಡು.

ಇನ್ನೊಂದು ಇದೆ, ಲೆಪಿಡಗ್ಯಾತಿಸ್ ಕ್ರಿಸ್ಟಾಟಾ. ಗರಸು ನೆಲದಲ್ಲಿ ಬುಡಕ್ಕೇ ಅಂಟಿಕೊಂಡು ಮುಳ್ಳಿನ ಉಂಡೆ ಕಟ್ಟುತ್ತದೆ. ಚಳಿಗಾಲದಲ್ಲಿ ನೋಡಿದರೆ ಯಾರೋ ಒಣಗಿದ ಚೆಂಡನ್ನು ಬೀಳಿಸಿ ಹೋದ ಹಾಗೆ. ಆ ಉಂಡೆಯ ಸಂದಿಯಿಂದ ಕಂದು ಚುಕ್ಕೆಯ, ಎರಡು ತುಟಿಯ ಬಿಳಿ ಹೂ ಇಣುಕುತ್ತದೆ. ಅದರ ಒಂದು ಫೋಟೋಗೆ ಡೋಣಿ ಊರಿನ ಹತ್ತಿರ ಅರ್ಧ ತಾಸು ಹೊಟ್ಟೆ ಮೇಲೆ ಮಲಗಿದ್ದೆ. ಕುರಿ ಕಾಯುವ ಅಜ್ಜ ಬಂದು, "ಏನ್ ಕಳ್ಕೊಂಡೀರಿ ಸಾಹೇಬ್ರ?" ಅಂದರು. ಲೆನ್ಸ್ ಕೊಟ್ಟೆ. ಅಜ್ಜ ಬಹಳ ಹೊತ್ತು ನೋಡಿದರು. "ಇದರೊಳಗ ಹೂ ಐತಿ ಅಂತ ಗೊತ್ತೇ ಇರ್ಲಿಲ್ಲ ನೋಡ್ರಿ" ಅಂದು, ಮುಂದೆ ಇನ್ನೆಲ್ಲಿ ಇಂಥವು ಜಾಸ್ತಿ ಇವೆ ಅಂತ ಅವರೇ ಕರೆದುಕೊಂಡು ಹೋಗಿ ತೋರಿಸಿದರು.

ಈಗ ಒಣಗಿಸುವ ವಿಚಾರ. ನಾನು ಹೆಚ್ಚು ಕಳೆದುಕೊಂಡದ್ದು ಇಲ್ಲೇ. ಪ್ರೆಸ್ಸಿನವನಿಗೆ ಕಾಗದ, ರಟ್ಟು, ಒತ್ತುವ ಕೆಲಸ ಎಲ್ಲ ಗೊತ್ತು. ಗಿಡವನ್ನು ನ್ಯೂಸ್‌ಪ್ರಿಂಟಿನ ನಡುವೆ ಇಟ್ಟು ಭಾರ ಹೇರಿದರೆ ಆಯಿತು ಅಂದುಕೊಂಡೆ. ಮುಳ್ಳು ಗಿಡಕ್ಕೆ ಅದು ನಡೆಯುವುದಿಲ್ಲ. ಮುಳ್ಳು ಕಾಗದವನ್ನು ಮೇಲೆತ್ತಿ ಹಿಡಿಯುತ್ತದೆ. ಎಲೆಗೆ ಒತ್ತಡವೇ ಸಿಗುವುದಿಲ್ಲ. ಎಲೆ ಮುದುಡಿ, ಬೂಸಲು ಬಂದು, ಕಪ್ಪಾಗುತ್ತದೆ. ಮೊದಲ ಮಳೆಗಾಲದಲ್ಲಿ ಹದಿನಾಲ್ಕು ಹಾಳೆ ಹಾಗೇ ಹೋದವು. ನೆಲಗುಳ್ಳದ ಹಾಳೆ ತೆಗೆದಾಗ ಬಂದ ವಾಸನೆ ಇನ್ನೂ ನೆನಪಿದೆ.

ಈಗ ಹೀಗೆ ಮಾಡುತ್ತೇನೆ. ಗಿಡವನ್ನು ಎರಡು ದಪ್ಪ ರಟ್ಟಿನ ನಡುವೆ ಇಟ್ಟು ಅದರ ಮೇಲೆ ಒಮ್ಮೆ ಕಾಲಿಟ್ಟು ನಿಲ್ಲುತ್ತೇನೆ. ಮುಳ್ಳು ಮಲಗುತ್ತವೆ. ಹಿಂದಿನ ಮಗ್ಗುಲಲ್ಲಿ ಕಾಗದಕ್ಕೆ ಚುಚ್ಚುವಂಥವನ್ನು ಮಾತ್ರ ಉಗುರು ಕತ್ತರಿಯಿಂದ ತೆಗೆಯುತ್ತೇನೆ. ಮುಂದಿನ ಮಗ್ಗುಲಿನವನ್ನು ಮುಟ್ಟುವುದಿಲ್ಲ, ಅವೇ ಗುರುತು. ಆಮೇಲೆ ನ್ಯೂಸ್‌ಪ್ರಿಂಟ್, ಅದರ ಮೇಲೆ ಅರ್ಧ ಇಂಚಿನ ತೆಳು ಸ್ಪಂಜಿನ ಹಾಳೆ, ಮತ್ತೆ ರಟ್ಟು. ಮುಳ್ಳು ಸ್ಪಂಜಿನೊಳಗೆ ಇಳಿಯುತ್ತದೆ, ಎಲೆ ಸಪಾಟಾಗಿ ಕೂರುತ್ತದೆ. ಈ ಸ್ಪಂಜಿನ ಉಪಾಯವೇ ನನ್ನ ಎಲ್ಲ ಹಾಳೆಗಳನ್ನು ಉಳಿಸಿದ್ದು. ಮೊದಲ ಮೂರು ದಿನ ದಿನಾ ಕಾಗದ ಬದಲಿಸಬೇಕು. ಸೋಮಾರಿತನ ಮಾಡಿದರೆ ಬೂಸಲು ಖಂಡಿತ. ಕಾಯಿ ದಪ್ಪ ಇದ್ದರೆ ಬೇರೆ ಮಾಡಿ ಕಾಗದದ ಪೊಟ್ಟಣದಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸುತ್ತೇನೆ. ಹಾಳೆ ಸುಮಾರು 28 × 42 ಸೆಂ.ಮೀ., ಆ ಅಳತೆಗೆ ಕತ್ತರಿಸುವುದು ನಮ್ಮ ಮಷಿನ್ನಿಗೆ ಒಂದು ನಿಮಿಷದ ಕೆಲಸ. ಊರು, ತಾರೀಖು, ಮಣ್ಣು, ಹೂವಿನ ಬಣ್ಣ ಅಲ್ಲೇ ಬರೆಯುತ್ತೇನೆ. ಬಣ್ಣವನ್ನು ಗಿಡ ಹಸಿ ಇರುವಾಗಲೇ ಬರೆಯಿರಿ, ಒಣಗಿದ ಮೇಲೆ ಎಲ್ಲವೂ ಚಹಾ ಬಣ್ಣ. ಎಲ್ಲಕ್ಕಿಂತ ಮೊದಲ ಸಾಲು ನನ್ನದೇ: ಮುಳ್ಳು ಎಲ್ಲಿಂದ?

ಒಂದು ಮಾತು. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮ ಆಗಿದೆ. ಅದರೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಎಲೆಯನ್ನೂ ಕೀಳಬಾರದು. ಅಲ್ಲಿ ನಾನು ಬರೀ ಫೋಟೋ ತೆಗೆಯುತ್ತೇನೆ. ಮೊಬೈಲ್ ಕ್ಯಾಮೆರಾ ಮುಂದೆ ಅದೇ ಲೆನ್ಸ್ ಹಿಡಿದರೆ ಸಾಕು. ಹಾಳೆಗೆ ಬೇಕಾದವು ರಸ್ತೆ ಬದಿ, ಹೊಲದ ಬದು, ನಮ್ಮ ಪ್ರೆಸ್ಸಿನ ಹಿಂದಿನ ಖಾಲಿ ಜಾಗದಲ್ಲೇ ಸಿಗುತ್ತವೆ.

ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ಅಕ್ಕನ ಮಗಳು ಒಂದು ಫೋಟೋ ಕಳಿಸಿದಳು. ಅವಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾಸ್ ಏಂಜಲೀಸ್ ಹತ್ತಿರ ಇದ್ದಾಳೆ. "ಮಾಮಾ, ಇದು ನಿಮ್ಮ ಪೈಕಿನಾ?" ಅಂತ ಕೇಳಿದ್ದಳು. ಒಣ ಗುಡ್ಡದ ಮೇಲೆ ಗೇಣುದ್ದದ ಕೆಂಪು ಕಡ್ಡಿ, ತುದಿಯಲ್ಲಿ ಗುಲಾಬಿ ಹೂ, ಹೂವಿನ ಸುತ್ತ ಮುಳ್ಳು. ನೋಡಿದ ಕೂಡಲೇ ಉತ್ತರಾಣಿಯ ನೆಂಟ ಅನ್ನಿಸಿತು. ಎರಡರಲ್ಲೂ ಹಸಿರು ಹೊರದಳ, ಬಣ್ಣದ ಎಸಳು ಅಂತ ಬೇರೆ ಬೇರೆ ಇಲ್ಲ, ಒಂದೇ ಥರದ ದಳ. ಎರಡರಲ್ಲೂ ಮುಳ್ಳು ಹೂವಿನ ಸುತ್ತ.

ಒಂದು ಲೆನ್ಸ್ ಕೊಂಡುಕೋ ಅಂತ ಹೇಳಿದೆ. ಮುಂದಿನ ಭಾನುವಾರ ಅವಳು ಗುಡ್ಡದ ಮೇಲೆ ಕೂತು, ನಾನು ರಾತ್ರಿ ಮಾಳಿಗೆ ಮೇಲೆ ಕೂತು, ಫೋನಿನಲ್ಲೇ ಎಣಿಸಿದೆವು. ಉತ್ತರಾಣಿಗೆ ಐದು ದಳ, ಐದು ಕೇಸರ. ಇದಕ್ಕೆ ಆರು ದಳ, ಒಂಬತ್ತು ಕೇಸರ. ಮುಳ್ಳು ಇದ್ದದ್ದು ಹೂವನ್ನು ಹೊತ್ತ ಒಂದು ಪುಟ್ಟ ಬಟ್ಟಲಿನ ಅಂಚಿಗೆ, ಆರು ಹಲ್ಲು, ತುದಿ ಕೊಕ್ಕೆಯ ಹಾಗೆ ಬಾಗಿದೆ. ಒಂದು ಬಟ್ಟಲಿಗೆ ಒಂದೇ ಹೂ. ಆರು ಮತ್ತು ಒಂಬತ್ತು ಅಂದರೆ ಬಕ್‌ವೀಟ್ ಕುಟುಂಬ ಇರಬಹುದು ಅಂತ ಪುಸ್ತಕ ಹೇಳಿತು. ಬಕ್‌ವೀಟ್ ಅಂದರೆ ಉತ್ತರದವರು ಉಪವಾಸಕ್ಕೆ ತಿನ್ನುವ ಕುಟ್ಟು ಹಿಟ್ಟಿನ ಗಿಡ. ನಮ್ಮ ಸಂತೆಯಲ್ಲಿ ಸಿಗುವ ಹುಳಿ ಚುಕ್ಕೆ ಸೊಪ್ಪು ಅದರದೇ ಬಳಗ. ಆದರೆ ಚುಕ್ಕೆ ಸೊಪ್ಪಿನ ಪ್ರತಿ ಗೆಣ್ಣಿಗೂ ತೆಳು ಪೊರೆಯ ಒಂದು ಕೊಳವೆ ಸುತ್ತಿಕೊಂಡಿರುತ್ತದೆ. ಆ ಕುಟುಂಬದ ದೊಡ್ಡ ಗುರುತೇ ಅದು. "ಗೆಣ್ಣು ನೋಡವ್ವಾ" ಅಂದೆ. "ಏನೂ ಇಲ್ಲ ಮಾಮಾ, ಬೋಳು" ಅಂದಳು. ಎರಡು ವಾರ ಅಲ್ಲೇ ಸಿಕ್ಕಿಕೊಂಡೆವು. ಕೊನೆಗೆ ಗೊತ್ತಾಯಿತು, ಅಮೆರಿಕದ ಒಣ ನೆಲದಲ್ಲಿ ಬೆಳೆದ ಈ ಕವಲಿಗೆ ಮಾತ್ರ ಆ ಪೊರೆ ಇಲ್ಲ. ಇಲ್ಲದಿರುವುದೇ ಇದರ ಗುರುತು. ಹೂವಿನ ಹೆಸರು ಕೊರಿಜ್ಯಾಂತೆ ಸ್ಟ್ಯಾಟಿಕಾಯ್ಡಿಸ್. ಅಲ್ಲಿಯವರು ಈ ಜಾತಿಯ ಗಿಡಗಳಿಗೆ ಮುಳ್ಳು ಹೂ ಅಂತಲೇ ಅನ್ನುತ್ತಾರೆ.

ಅಲ್ಲಿ ಮಳೆ ಚಳಿಗಾಲಕ್ಕೆ. ಆ ಮಳೆಗೆ ಹುಟ್ಟಿ, ಬೇಸಿಗೆ ಶುರುವಿಗೆ ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ಬೀಜ ಬಟ್ಟಲಿನೊಳಗೇ ಉಳಿದು, ಕೊಕ್ಕೆ ಸಮೇತ ಪ್ರಾಣಿಗಳ ಕೂದಲಿಗೆ ಅಂಟಿ ಹೋಗುತ್ತದೆ. ನಮ್ಮ ಉತ್ತರಾಣಿಯ ಕೆಲಸವೇ. ನೆಗ್ಗಿಲಂತೂ ಅಲ್ಲಿಗೂ ಹೋಗಿ ಕಳೆಯಾಗಿದೆ. ಸೈಕಲ್ ಟ್ಯೂಬ್ ತೂತು ಮಾಡುವುದರಿಂದ ಪಂಕ್ಚರ್ ವೈನ್, ಅಂದರೆ ಪಂಕ್ಚರ್ ಬಳ್ಳಿ, ಅಂತ ಹೆಸರು. ಅದನ್ನು ಹದ್ದುಬಸ್ತಿನಲ್ಲಿಡಲು 1961ರಲ್ಲಿ ಇಟಲಿಯಿಂದ ಉದ್ದ ಮೂತಿಯ ಸಣ್ಣ ಹುಳ ತಂದು ಬಿಟ್ಟರಂತೆ.

ಕ್ಯಾಲಿಫೋರ್ನಿಯಾದ ಈ ಮುಳ್ಳು ಹೂಗಳ ಪೈಕಿ ಸ್ಯಾನ್ ಫರ್ನಾಂಡೊ ಕಣಿವೆಯ ಒಂದು ಬಗೆ 1929ರ ನಂತರ ಯಾರಿಗೂ ಕಾಣಿಸಿರಲಿಲ್ಲ. ಹೋಯಿತು ಅಂತಲೇ ಬರೆದುಬಿಟ್ಟಿದ್ದರು. 1999ರಲ್ಲಿ ಮನೆಗಳನ್ನು ಕಟ್ಟಲು ಹೊರಟಿದ್ದ ಒಂದು ದೊಡ್ಡ ಜಾಗದಲ್ಲಿ ಗಿಡಗಳ ಸಮೀಕ್ಷೆ ಮಾಡುವಾಗ ಮತ್ತೆ ಸಿಕ್ಕಿತು. 2003ರಲ್ಲಿ ಆ ಜಾಗವನ್ನು ಸರ್ಕಾರವೇ ಕೊಂಡು ಉಳಿಸಿತು. ನೆಲಕ್ಕೆ ಅಂಟಿಕೊಂಡು ಬೆಳೆಯುವ ಅಂಗೈಯಗಲದ ಗಿಡ ಅದು. ಎಪ್ಪತ್ತು ವರ್ಷ ಅದನ್ನು ಎಷ್ಟು ಜನ ದಾಟಿ ಹೋಗಿರಬಹುದು ಅಂತ ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ. ಗದಗಿನ ಸುತ್ತ ಲೇಔಟ್ ಆಗುತ್ತಿರುವ ಬಂಜರು ಜಾಗಗಳಲ್ಲಿ ನಾನು ಈಗ ವಾರಕ್ಕೊಮ್ಮೆಯಾದರೂ ನಡೆಯುತ್ತೇನೆ. ಜೆಸಿಬಿ ಬರುವ ಮೊದಲು ಏನಿತ್ತು ಅಂತ ಒಂದು ಹಾಳೆಯಾದರೂ ಇರಲಿ ಅಂತ.

ಬಕ್‌ವೀಟ್ ಬಳಗದ ಕಾಡುಗಿಡ ನಮ್ಮಲ್ಲೂ ಇರಬೇಕಲ್ಲ ಅಂತ ಎರಡು ಹಿಂಗಾರು ಹುಡುಕಿದೆ. ಗುಡ್ಡದಲ್ಲಿ, ಬದುವಿನಲ್ಲಿ ಸಿಗಲಿಲ್ಲ. ಕಳೆದ ಫೆಬ್ರುವರಿಯಲ್ಲಿ ಡಂಬಳದ ಕೆರೆಯ ನೀರು ಹಿಂದೆ ಸರಿದ ಬಿರುಕು ಮಣ್ಣಿನಲ್ಲಿ ಸಿಕ್ಕಿತು. ಪಾಲಿಗೋನಮ್ ಪ್ಲೆಬೀಯಮ್. ನೆಲಕ್ಕೆ ಚಾಪೆ ಹಾಸಿದ ಹಾಗೆ ಹರಡಿದೆ. ಹೂ ಸಾಸಿವೆಗಿಂತ ಸ್ವಲ್ಪ ದೊಡ್ಡದು, ತಿಳಿ ಗುಲಾಬಿ. ಲೆನ್ಸ್ ಹಿಡಿದೆ. ಪ್ರತಿ ಗೆಣ್ಣಿಗೂ ಬೆಳ್ಳಿಯ ಹಾಗೆ ಹೊಳೆಯುವ ಪೊರೆ ಇತ್ತು. ಅಲ್ಲಿಂದಲೇ ಅಕ್ಕನ ಮಗಳಿಗೆ ಫೋಟೋ ಕಳಿಸಿದೆ. ಅಲ್ಲಿ ಆಗ ನಡುರಾತ್ರಿ, ಆದರೂ ಎದ್ದು "ಪೊರೆ ಐತಿ ಮಾಮಾ!" ಅಂತ ಬರೆದಳು.

ಅದು ನನ್ನ 32ನೇ ಹಾಳೆ. ಅವಳು ಕಳಿಸಿದ ಹೂವಿನ ಫೋಟೋವನ್ನು ನಮ್ಮ ಮಷಿನ್ನಿನಲ್ಲೇ ಪ್ರಿಂಟ್ ತೆಗೆದು ಅದರ ಪಕ್ಕ ಇಟ್ಟಿದ್ದೇನೆ. ಹಾಳೆಯ ಮೊದಲ ಸಾಲಿನಲ್ಲಿ, ಮುಳ್ಳು ಎಲ್ಲಿಂದ ಅನ್ನುವ ಕಡೆ, 'ಇಲ್ಲ' ಅಂತ ಬರೆದೆ.