ಅಹವಾಲು ಸಭೆಗೆ ಸರ್ವೆ ನಂಬರ್ ಹಿಡಿದು ಹೋದೆವು

ಅರಸೀಕೆರೆ ತಾಲ್ಲೂಕಿನ ನಮ್ಮ ಹೋಬಳಿಯ ಕಲ್ಲು ಕ್ವಾರಿಗಳ ಪರಿಸರ ಅನುಮತಿಯ ಅರ್ಜಿಯನ್ನು ರಾಜ್ಯಮಟ್ಟದ ತಜ್ಞರ ಸಮಿತಿಯು, ಬಾವಿಗಳ ಮತ್ತು ಕೆರೆಯ ವಿಚಾರವಾಗಿ ಹೊಸದಾಗಿ ಅಧ್ಯಯನ ಮಾಡಿಕೊಂಡು ಬರುವಂತೆ ಹೇಳಿ ಹಿಂದಕ್ಕೆ ಕಳುಹಿಸಿದೆ. ಅನುಮತಿಗೆ ಮೊದಲು ಊರಿನವರ ಆಕ್ಷೇಪಣೆ ಕೇಳಲು ನಡೆಯುವ ಅಹವಾಲು ಸಭೆಯ ಬಗ್ಗೆ, ಹೋರಾಟಗಳಲ್ಲಿ ಪಳಗಿದ ಹಿರಿಯರು 'ಅಹವಾಲು ಸಭೆಯಲ್ಲಿ ಕಾಗದ ಕೊಟ್ಟರೆ ಯಾರು ಓದುತ್ತಾರೆ, ರಸ್ತೆಗಿಳಿಯಿರಿ' ಎಂದು ನಮಗೆ ಪದೇ ಪದೇ ಹೇಳಿದ್ದರು. ಓದದೆ ಬೇರೆ ದಾರಿಯಿಲ್ಲದಂತೆ ಬರೆದರೆ ಓದುತ್ತಾರೆ ಎಂಬುದು ನನ್ನ ವಾದವಾಗಿತ್ತು. ಅದು ಸರಿಯಾಗಿತ್ತೆಂದು ಈಗ ಸಂಕೋಚವಿಲ್ಲದೆ ಹೇಳಬಲ್ಲೆ. ಕಡೂರು, ತರೀಕೆರೆ, ಚನ್ನರಾಯಪಟ್ಟಣದ ಕಡೆ ಇದೇ ಕೆಲಸದಲ್ಲಿ ತೊಡಗಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಪಕ್ಕದ ಹೋಬಳಿಯಲ್ಲಿ ಹಿಂದೆ ನಡೆದ ಸಭೆಗೆ ನಾನೂ ಹೋಗಿದ್ದೆ. ಐನೂರಕ್ಕೂ ಹೆಚ್ಚು ಜನ ಸೇರಿದ್ದರು, ಧಿಕ್ಕಾರ ಕೂಗಿದರು, ಸುಮಾರು ಸಾವಿರ ಸಹಿಗಳ ಮನವಿಯನ್ನು ಕೊಟ್ಟರು. ನಡಾವಳಿ ಕೈಗೆ ಬಂದಾಗ ನೋಡಿದರೆ ಸಾವಿರ ಸಹಿಯೂ ಸೇರಿ ಒಂದೇ ಆಕ್ಷೇಪಣೆಯೆಂದು ದಾಖಲಾಗಿತ್ತು. ಅದಕ್ಕೆ ಅರ್ಜಿದಾರರು ಕೊಟ್ಟ ಉತ್ತರವೂ ಒಂದೇ ಸಾಲಿನದು: 'ಸೂಕ್ತ ಕ್ರಮ ಕೈಗೊಳ್ಳಲಾಗುವುದು.' ಆ ಸಭೆಗಾಗಿ ಊರಿನವರು ಟೆಂಪೊ, ಬ್ಯಾನರ್, ಮೈಕು, ಊಟ ಎಂದು ಎಪ್ಪತ್ತು ಎಂಬತ್ತು ಸಾವಿರ ಖರ್ಚು ಮಾಡಿದ್ದರು. ಸಕಲೇಶಪುರ, ಮೂಡಿಗೆರೆಯ ಕಡೆ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳ ವಿಷಯದಲ್ಲಿಯೂ ನಾನು ಇದನ್ನೇ ಕಂಡಿದ್ದೇನೆ. 2014ರಿಂದ 2024ರವರೆಗೆ ಆರು ಕರಡುಗಳು ಬಂದವು, ಪ್ರತಿ ಸಲವೂ ಆಕ್ಷೇಪಣೆಗೆ 60 ದಿನಗಳ ಅವಕಾಶವಿತ್ತು. ಪರವಾಗಿರಲಿ, ವಿರೋಧವಾಗಿರಲಿ, ನನ್ನ ಕಣ್ಣಿಗೆ ಬಿದ್ದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನ ನಮೂನೆಗಳು.

ನಮ್ಮಲ್ಲಿ ಸಭೆ ನಡೆಯುವುದೇ ಅನುಮಾನವಿತ್ತು. ಕ್ವಾರಿಗಳ ಅರ್ಜಿಗಳು ಬಿಡಿಬಿಡಿಯಾಗಿ ಬಂದಿದ್ದವು, ಪ್ರತಿಯೊಂದೂ ಐದು ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದ್ದು, ಹಾಗೆ ಬಿಡಿಯಾಗಿ ನೋಡಿದರೆ ಸಭೆ ಬೇಕಿರಲಿಲ್ಲ. ಒಂದು ಗುತ್ತಿಗೆಯ ಅಂಚಿನಿಂದ ಇನ್ನೊಂದರ ಅಂಚಿಗೆ 500 ಮೀಟರಿಗಿಂತ ಕಡಿಮೆ ಅಂತರವಿದ್ದರೆ ಅವೆಲ್ಲ ಒಂದೇ ಕ್ಲಸ್ಟರ್, ಅಂದರೆ ಒಟ್ಟಾಗಿ ಲೆಕ್ಕ ಹಾಕುವ ಗುಂಪು, ಆಗುತ್ತವೆ ಎಂಬ 2016ರ ನಿಯಮವಿದೆ. ಅಂಚಿನಿಂದ ಅಂಚಿಗೆ ಎಂಬುದನ್ನು ಬಿಟ್ಟು ಮಧ್ಯದಿಂದ ಮಧ್ಯಕ್ಕೆ ಅಳೆದು ತೋರಿಸುವುದೇ ಅರ್ಜಿಗಳಲ್ಲಿ ನಡೆದಿದ್ದ ಜಾಣ್ಮೆ. ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ನಡೆದು, ಗ್ರಾಮ ನಕಾಶೆಯ ದೃಢೀಕೃತ ಪ್ರತಿಯ ಮೇಲೆ ಗೆರೆ ಎಳೆದು ಕಳುಹಿಸಿದೆವು. ಎಲ್ಲವನ್ನೂ ಕೂಡಿಸಿದಾಗ ವಿಸ್ತೀರ್ಣ ಹದಿನಾಲ್ಕು ಹದಿನೈದು ಹೆಕ್ಟೇರಾಯಿತು, ಅಹವಾಲು ಸಭೆ ಅನಿವಾರ್ಯವಾಯಿತು.

2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯ ಪ್ರಕಾರ ಸಭೆಗೆ ಮೊದಲು ಸಿಗುವುದು 30 ದಿನಗಳ ನೋಟಿಸು. ಇದನ್ನು 20 ದಿನಕ್ಕೆ ಇಳಿಸಲು 2020ರ ಕರಡಿನಲ್ಲಿ ಹೊರಟಿದ್ದರು, ಮೂವತ್ತೇ ಎಷ್ಟು ಕಡಿಮೆಯೆಂಬುದು ರೈತರ ಜೊತೆ ಕುಳಿತು ಅರ್ಜಿದಾರರ ಪರಿಣಾಮ ಅಧ್ಯಯನದ ವರದಿ ಓದಿದವರಿಗೆ ಗೊತ್ತು. ಇಂಗ್ಲಿಷಿನ ವರದಿ ಮುನ್ನೂರು ಪುಟಗಳ ಆಸುಪಾಸಿನಲ್ಲಿತ್ತು, ಕನ್ನಡದ ಸಾರಾಂಶ ಹದಿನೈದಿಪ್ಪತ್ತು ಪುಟಗಳದು. ಸಾರಾಂಶವನ್ನು ನಾವು ಬದಿಗಿಟ್ಟೆವು. ಮೂಲ ವರದಿಯನ್ನು ಅಧ್ಯಾಯವಾರು ಬಿಡಿಸಿ ಊರಿನ ಪದವೀಧರರಿಗೆ ಹಂಚಿದೆವು, ಒಬ್ಬೊಬ್ಬರೂ ತಮ್ಮ ಪಾಲಿನದನ್ನು ಸಂಜೆ ಹಾಲಿನ ಡೇರಿಯ ಜಗಲಿಯ ಮೇಲೆ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಬೇಕಾಗಿತ್ತು. ಸುಳ್ಳುಗಳು ಹೊರಬಿದ್ದದ್ದು ಆ ಜಗಲಿಯ ಮೇಲೆಯೇ. ಅಂತರ್ಜಲದ ಮಾದರಿಯನ್ನು ಬೇಸಿಗೆಯಲ್ಲಿ ಒಂದು ತೆರೆದ ಬಾವಿಯಿಂದ ತೆಗೆದದ್ದೆಂದು ವರದಿಯಲ್ಲಿ ಬರೆದಿದ್ದರು. ಆ ಬಾವಿಯ ಒಡತಿ ಅಲ್ಲಿಯೇ ಕುಳಿತಿದ್ದರು. ಬಾವಿ ಬತ್ತಿ ಎಷ್ಟೋ ವರ್ಷಗಳಾಗಿದ್ದು, ಅದರ ತಳದಲ್ಲಿ ಹೊಂಗೆಯ ಗಿಡವೊಂದು ಆಳೆತ್ತರ ಬೆಳೆದಿತ್ತು. ಮರುದಿನ ಬೆಳಗ್ಗೆಯೇ ಅಳತೆಯ ಟೇಪನ್ನು ಬಾವಿಗೆ ಇಳಿಬಿಟ್ಟು, ಗಿಡದ ಸಮೇತ ಫೋಟೊ ತೆಗೆದು, ಪಹಣಿಯನ್ನು ಲಗತ್ತಿಸಿದೆವು.

ಇನ್ನು ಬರವಣಿಗೆಯ ಕ್ರಮ. ಒಂದು ಹಾಳೆಗೆ ಒಂದೇ ಆಕ್ಷೇಪಣೆ. ಮೇಲೆ ಹಿಡುವಳಿದಾರರ ಹೆಸರು ಮತ್ತು ಸರ್ವೆ ನಂಬರ್, ಅದರ ಕೆಳಗೆ ವರದಿಯ ಪುಟಸಂಖ್ಯೆ ಮತ್ತು ಅಲ್ಲಿರುವ ವಾಕ್ಯ, ನಂತರ ನೆಲದ ಮೇಲಿನ ವಸ್ತುಸ್ಥಿತಿ, ಕೊನೆಯಲ್ಲಿ ಒಂದೇ ಪ್ರಶ್ನೆ. 'ಪರಿಸರ ಹಾಳಾಗುತ್ತದೆ' ಎಂಬ ವಾಕ್ಯವನ್ನು ಯಾರೂ ಬರೆಯಕೂಡದೆಂದು ಕಟ್ಟುನಿಟ್ಟು ಮಾಡಿದೆ, ಅದರ ಬದಲು 'ನನ್ನ ತೆಂಗಿನ ತೋಟದ ಬೋರ್ ಕ್ವಾರಿಯ ಅಂಚಿನಿಂದ ಇಷ್ಟು ಮೀಟರ್ ದೂರದಲ್ಲಿದೆ, ವರದಿಯ ನಕ್ಷೆಯಲ್ಲಿ ಅದು ಏಕಿಲ್ಲ' ಎಂದು ಬರೆಸಿದೆ. ಹೀಗೆ ಇನ್ನೂರರ ಆಸುಪಾಸು ಹಾಳೆಗಳಾದವು, ಪ್ರತಿಯೊಂದಕ್ಕೂ ಪ್ರತ್ಯೇಕ ಸ್ವೀಕೃತಿ ಮೊಹರು ಹಾಕಿಸಿದೆವು. ಹಾಳೆಗಳನ್ನು ಯಾವ ಅನುಕ್ರಮದಲ್ಲಿ ಜೋಡಿಸಿದೆವು, ಸಭೆಯಲ್ಲಿ ಮೊದಲು ಯಾರು ಎದ್ದು ನಿಂತರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನಮ್ಮಲ್ಲಿ ಇನ್ನೊಂದು ಸಭೆ ಬಾಕಿಯಿದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಸಿಡಿಮದ್ದಿನ ಕಂಪನವನ್ನು ಮೊಬೈಲಿನಲ್ಲಿ ಅಳೆದು ಗ್ರಾಫ್ ಮಾಡಿದ ಹುಡುಗರ ಶ್ರಮಕ್ಕೆ ಬೆಲೆ ಸಿಗಲಿಲ್ಲ, ಪ್ರಮಾಣೀಕೃತ ಉಪಕರಣವಲ್ಲವೆಂದು ಪಕ್ಕಕ್ಕಿಟ್ಟರು. ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿ ಮಾತ್ರ ಕೈಹಿಡಿಯಿತು. 2002ರ ಜೀವವೈವಿಧ್ಯ ಕಾಯ್ದೆಯಡಿ ರಚನೆಯಾಗಿ, ಬೀರುವಿನಲ್ಲಿ ಧೂಳು ಹಿಡಿದಿದ್ದ ಆ ಪುಸ್ತಕದಲ್ಲಿ ನಮ್ಮ ಕೆರೆಯ ಹೆಸರು, ಹಕ್ಕಿಗಳು, ಗೋಮಾಳದ ಮರಗಳು ಎಲ್ಲವೂ ಇದ್ದವು. ಸಮೀಪದಲ್ಲಿ ಜಲಮೂಲವಿಲ್ಲ ಎಂಬ ವರದಿಯ ಸಾಲಿಗೆ ಪಂಚಾಯಿತಿಯ ಮೊಹರಿರುವ ಈ ಪುಟವೇ ಉತ್ತರವಾಯಿತು.

ಖರ್ಚಿನ ಲೆಕ್ಕ ಕೇಳುವವರಿಗೆ: ಜೆರಾಕ್ಸು, ಡಿಟಿಪಿ, ನಕಾಶೆ ಪ್ರತಿಗಳಿಗೆ ಹನ್ನೊಂದು ಹನ್ನೆರಡು ಸಾವಿರ, ಹಾಸನ ಮತ್ತು ಬೆಂಗಳೂರಿನ ಓಡಾಟಕ್ಕೆ ಅಷ್ಟೇ ಮೊತ್ತ. ಮಾಹಿತಿ ಹಕ್ಕಿನ ಅರ್ಜಿಗಳಿಗೆ ತಲಾ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಅರ್ಜಿಯಲ್ಲಿ 150 ಪದಗಳ ಮಿತಿಯಿರುವುದರಿಂದ ಒಂದೊಂದು ದಾಖಲೆಗೂ ಬೇರೆ ಬೇರೆ ಅರ್ಜಿ ಹಾಕಿದೆವು. ದೊಡ್ಡ ಹೊರೆಯೆಂದರೆ ಕೂಲಿ. ಸಭೆಯ ದಿನ ಕೂಲಿ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ತಲಾ ನಾನ್ನೂರು ರೂಪಾಯಿಯಂತೆ ಊರಿನ ನಿಧಿಯಿಂದ ಕೊಟ್ಟೆವು. ದುಡ್ಡು ಕೊಟ್ಟು ಜನ ತಂದರೆಂದು ಎದುರಿನವರು ಆಡಿಕೊಂಡರು. ದಿನದ ಕೂಲಿ ಕಳೆದುಕೊಳ್ಳಲಾರದವರು ಅಹವಾಲು ಹೇಳುವುದೇ ಬೇಡವೇ? ಈ ಖರ್ಚನ್ನು ನಾನು ಯಾವ ವೇದಿಕೆಯಲ್ಲಾದರೂ ಸಮರ್ಥಿಸುತ್ತೇನೆ.

ಸಭೆ ಮುಗಿಯುವ ಹೊತ್ತಿಗೆ ಅಧಿಕಾರಿಗಳು ಏಳಲು ಹೊರಟರು. ನಡಾವಳಿಯ ಸಾರಾಂಶವನ್ನು ಅಲ್ಲಿಯೇ ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವನ್ನು ನಾವು ಎತ್ತಿ ತೋರಿಸಿದೆವು. ಓದಿದಾಗ ಬತ್ತಿದ ಬಾವಿಯ ಹಾಳೆ ಅದರಲ್ಲಿರಲಿಲ್ಲ. ಬಾವಿಯ ಒಡತಿ ಸ್ವೀಕೃತಿಯ ಪ್ರತಿಯನ್ನು ಕ್ಯಾಮೆರಾದ ಮುಂದೆ ಹಿಡಿದು ಸರ್ವೆ ನಂಬರನ್ನು ಗಟ್ಟಿಯಾಗಿ ಹೇಳಿದರು, ವಿಡಿಯೊದಲ್ಲಿ ದಾಖಲಾದುದನ್ನು ಬಿಡುವಂತಿರಲಿಲ್ಲ. ತಜ್ಞರ ಸಮಿತಿಯು ಕ್ವಾರಿಯ ಅರ್ಜಿದಾರರನ್ನು ಮೊದಲು ಕೇಳಿದ ಸ್ಪಷ್ಟೀಕರಣವೂ ಅದೇ ಬಾವಿಯ ಕುರಿತಾಗಿತ್ತೆಂದು ಪರಿಸರ ಅನುಮತಿಗಳ ಪರಿವೇಶ್ ಜಾಲತಾಣದಲ್ಲಿರುವ ಸಮಿತಿಯ ನಡಾವಳಿ ಹೇಳುತ್ತದೆ.

ಹೊಸ ಅಧ್ಯಯನ ಬೇಸಿಗೆಯಲ್ಲಿ ನಡೆಯಲಿದೆ. ಈ ಸಲ ಮಾದರಿ ತೆಗೆಯಲು ಯಾರು ಬಂದರೂ ದಿನಾಂಕ, ಸ್ಥಳ, ವಾಹನದ ನಂಬರ್ ಬರೆದಿಡಲು ಪಂಚಾಯಿತಿಯಲ್ಲಿ ಒಂದು ಪುಸ್ತಕ ತೆರೆದಿದ್ದೇವೆ, ಬೋರುಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ನಾವೇ ಅಳೆಯುತ್ತಿದ್ದೇವೆ. ಅನುಮತಿ ಸಿಕ್ಕರೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಸಲ್ಲಿಸಲು ಇರುವುದು 30 ದಿನ, ಅದಕ್ಕೆ ಬೇಕಾಗುವ ಹಣದಲ್ಲಿ ಅರ್ಧದಷ್ಟು ಈಗಾಗಲೇ ಕೂಡಿದೆ.