ಪ್ರಮಾಣಪತ್ರ ನೋಡಿ ಬರೆದ ವರದಿ, ಮಗುವನ್ನು ನೋಡಿ ಬರೆದ ವರದಿ

ನಾನು ಜಗಳೂರು ತಾಲ್ಲೂಕಿನಲ್ಲಿ ಬಿಐಇಆರ್‌ಟಿ, ಅಂದರೆ ತಾಲ್ಲೂಕು ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕ ಹುದ್ದೆಯಲ್ಲಿದ್ದೇನೆ. ಸಾಮಾನ್ಯ ಶಾಲೆಗಳಲ್ಲಿ ಓದುತ್ತಿರುವ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಯಾವ ನೆರವು ಬೇಕೆಂದು ಗುರುತಿಸಿ ವರದಿ ಬರೆಯುವುದು ನನ್ನ ಮುಖ್ಯ ಕೆಲಸ. ಈ ಕೆಲಸಕ್ಕೆ ಬರಲು ಏನು ಓದಬೇಕೆಂದು ಹಲವರು ಕೇಳುತ್ತಾರೆ. ವಿಶೇಷ ಶಿಕ್ಷಣದಲ್ಲಿ ಡಿಪ್ಲೊಮಾ ಅಥವಾ ಬಿ.ಇಡಿ. ಮುಗಿಸಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು ಸಿಆರ್‌ಆರ್ (ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕ) ಸಂಖ್ಯೆ ಪಡೆಯಬೇಕು. ನೋಂದಣಿಯಿಲ್ಲದೆ ಈ ವೃತ್ತಿ ನಡೆಸುವುದು 1992ರ ಪರಿಷತ್ತಿನ ಕಾಯ್ದೆಯ ಪ್ರಕಾರ ಶಿಕ್ಷಾರ್ಹ.

ಆದರೆ ಪದವಿಯಲ್ಲಿ ನಾವು ಆಳವಾಗಿ ಓದುವುದು ಒಂದೇ ವಿಭಾಗವನ್ನು. ನನ್ನದು ಬೌದ್ಧಿಕ ನ್ಯೂನತೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಹೆಸರಿಸಿರುವುದು 21 ಬಗೆಯ ವೈಕಲ್ಯಗಳನ್ನು, ತಾಲ್ಲೂಕಿನ ಶಾಲೆಗಳಲ್ಲಿ ಎದುರಾಗುವ ಮಗು ಅವುಗಳಲ್ಲಿ ಯಾವುದರದ್ದೂ ಆಗಿರಬಹುದು.

ಮೊದಲ ವರ್ಷ ನಾಲ್ಕನೇ ತರಗತಿಯ ಹುಡುಗನೊಬ್ಬನ ವರದಿಯಲ್ಲಿ ನಾನು ತಪ್ಪಿದೆ. ಅವನ ವೈಕಲ್ಯದ ಪ್ರಮಾಣಪತ್ರದಲ್ಲಿ ಮಂದದೃಷ್ಟಿ ಎಂದಿತ್ತು. ಅದನ್ನೇ ನೋಡಿ, 'ದೊಡ್ಡಕ್ಷರದ ಪುಸ್ತಕ, ಮೊದಲ ಸಾಲಿನ ನಡುವೆ ಆಸನ' ಎಂದು ಬರೆದು ಬಂದೆ. ಮೂರು ತಿಂಗಳ ನಂತರ ಹೋದಾಗ ಅವನು ಹಲಗೆಯಿಂದ ಒಂದಕ್ಷರವನ್ನೂ ಸರಿಯಾಗಿ ಇಳಿಸಿಕೊಂಡಿರಲಿಲ್ಲ. ಮುಖವನ್ನು ಬಲಕ್ಕೆ ತಿರುಗಿಸಿ, ಕಣ್ಣನ್ನು ಎಡಕ್ಕೆ ಹೊರಳಿಸಿ ಓರೆಯಾಗಿ ನೋಡುತ್ತಿದ್ದವನಿಗೆ ಮೇಷ್ಟ್ರು 'ನೆಟ್ಟಗೆ ನೋಡೋ' ಎಂದು ಗದರುತ್ತಿದ್ದರು.

ಆ ಓರೆನೋಟದ ಅರ್ಥ ತಿಳಿದದ್ದು ನೋಂದಣಿಯ ನವೀಕರಣಕ್ಕೆಂದು ಹಾಜರಾದ ಸಿಆರ್‌ಇ (ನಿರಂತರ ಪುನರ್ವಸತಿ ಶಿಕ್ಷಣ) ತರಬೇತಿಯಲ್ಲಿ. ಕಣ್ಣುಗುಡ್ಡೆ ಸದಾ ಅದುರುತ್ತಿರುವ ಕೆಲವು ಮಕ್ಕಳಿಗೆ, ದೃಷ್ಟಿಯನ್ನು ಒಂದು ನಿರ್ದಿಷ್ಟ ದಿಕ್ಕಿಗೆ ಹೊರಳಿಸಿದಾಗ ಅದುರುವಿಕೆ ತಗ್ಗಿ ಅಕ್ಷರ ನಿಲ್ಲುತ್ತದೆ. ಮಗು ಆ ದಿಕ್ಕನ್ನು ತಾನೇ ಕಂಡುಕೊಂಡು ಕತ್ತು ತಿರುಗಿಸಿಕೊಳ್ಳುತ್ತದೆ. ಅಂದರೆ ನಾವು ಗದರಿ ಬಿಡಿಸಲು ಹೊರಟದ್ದು ಅವನ ಅತ್ಯುತ್ತಮ ನೋಟವನ್ನು. ಇದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಮರುವಾರ ಅವನನ್ನು ಕೊಠಡಿಯ ಬಲಬದಿಗೆ ಕೂರಿಸಿದೆವು, ಹಲಗೆ ಅವನ ಎಡಕ್ಕೆ ಬರುವಂತೆ. ಹೊಳಪು ಬೀಳುತ್ತಿದ್ದ ಕಿಟಕಿಯ ಒಂದು ಬಾಗಿಲನ್ನು ಮುಚ್ಚಿದೆವು. ಪುಸ್ತಕವನ್ನು ಅವನು ಎಷ್ಟು ದೂರ ಹಿಡಿಯುತ್ತಾನೆಂದು ಸ್ಕೇಲಿಟ್ಟು ಅಳೆದು, ಓರೆಹಲಗೆಯ ಮೇಲೆ ಪುಸ್ತಕವಿಟ್ಟುಕೊಟ್ಟೆ. ಅಂದು ಅವನು ಹಲಗೆಯ ಮೇಲಿದ್ದ ನಾಲ್ಕು ಸಾಲನ್ನೂ ಬರೆದುಕೊಂಡ.

ಈಗ ಪ್ರಮಾಣಪತ್ರವನ್ನು ಕೊನೆಗೆ ಬಿಚ್ಚುತ್ತೇನೆ. ಮೊದಲು ಒಂದು ಪೂರ್ತಿ ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂತು ಮಗುವನ್ನು ಗಮನಿಸುತ್ತೇನೆ, ಬಳಿಕ ತಾಯಿಯನ್ನು ಮಾತನಾಡಿಸುತ್ತೇನೆ. ಕಲಿಕಾ ನ್ಯೂನತೆಯ ಅನುಮಾನ ಬಂದರೆ ನಾನೇ ಹೆಸರಿಡದೆ, ಪರೀಕ್ಷಿಸುವ ಅಧಿಕಾರವುಳ್ಳ ತಜ್ಞರ ಬಳಿಗೆ ಕಳುಹಿಸುತ್ತೇನೆ. ಹೊಸದಾಗಿ ಸೇರುವವರನ್ನು ಮೊದಲ ತಿಂಗಳು ವರದಿ ಬರೆಯಲು ಬಿಡದೆ, ನನ್ನ ಪಕ್ಕ ಅದೇ ಹಿಂದಿನ ಬೆಂಚಿನಲ್ಲಿ ಕೂರಿಸಿಕೊಳ್ಳುತ್ತೇನೆ.